ಗೌನಿನ ಮೇಲೆ ಹದ್ದಿನ ಗರಿ



ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳು ತಾವೇ ಕಟ್ಟಿ ನಡೆಸುತ್ತಿರುವ ಕಾಲೇಜುಗಳ ಪದವಿ ಪ್ರದಾನದ ಉಡುಪನ್ನು ಇಂದಿನ ಮಾತಿಗೆ ಆರಿಸಿಕೊಂಡಿದ್ದೇನೆ. ಶಿಕ್ಷಣದ ದತ್ತಿ ಉಪನ್ಯಾಸದಲ್ಲಿ ಬಟ್ಟೆಬರೆಯ ಮಾತೇಕೆ ಎಂದು ನೀವು ಕೇಳಬಹುದು. ಆ ಜನರ ಮಕ್ಕಳ ಮೇಲೆ ಸರ್ಕಾರಿ ಶಾಲೆ ಮೊದಲು ಕೈಯಿಟ್ಟದ್ದೇ ಅವರ ಬಟ್ಟೆಯ ಮೇಲೆ. 1879ರಲ್ಲಿ ಸೇನಾಧಿಕಾರಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಪೆನ್ಸಿಲ್ವೇನಿಯದ ಕಾರ್ಲೈಲ್‌ನಲ್ಲಿ ತೆರೆದ ವಸತಿಶಾಲೆಯಲ್ಲಿ ಲಕೋಟ ಬುಡಕಟ್ಟಿನ ಮಕ್ಕಳ ಜಡೆ ಕತ್ತರಿಸಿದರು, ಕಂಬಳಿ ಕಳಚಿ ಸಮವಸ್ತ್ರ ತೊಡಿಸಿದರು. ಬಂದಾಗಿನ ರೂಪ, ಬದಲಾದ ರೂಪ ಎಂದು ಜೋಡಿ ಫೋಟೊ ತೆಗೆಸಿ ಹಂಚಿದರು. ಲಕೋಟರು ಕೂದಲು ಕತ್ತರಿಸಿಕೊಳ್ಳುವುದು ಹತ್ತಿರದವರು ಸತ್ತಾಗ. ಆ ಮಕ್ಕಳು ಯಾರಿಗಾಗಿ ಸೂತಕ ಹಿಡಿಯಬೇಕಿತ್ತು?

ಬುಡಕಟ್ಟೊಂದು ತನ್ನದೇ ಕಾಲೇಜು ಕಟ್ಟಲು 1968ರವರೆಗೆ ಕಾಯಬೇಕಾಯಿತು. ಅರಿಜೋನದಲ್ಲಿ ನವಾಹೊ ಜನ ಆರಂಭಿಸಿದ ಅದೇ ಇಂದಿನ ಡಿನೆ ಕಾಲೇಜು. ಸೌತ್ ಡಕೋಟದಲ್ಲಿ ಓಗ್ಲಾಲ ಲಕೋಟ ಕಾಲೇಜು ಬಂದದ್ದು 1971ರಲ್ಲಿ. ಇವರು ಪದವಿ ದಿನದ ಗೌನನ್ನು ಬಿಸಾಡಲಿಲ್ಲ. ಮಧ್ಯಯುಗದ ಯೂರೋಪಿನ ಪಾದ್ರಿಗಳ ನಿಲುವಂಗಿಯಿಂದ ಬಂದ, 1895ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ನಿಯಮ ಬರೆದು ಒಪ್ಪಿಕೊಂಡ ಉಡುಪು ಅದು. ಅದನ್ನು ತೊಟ್ಟೇ ತೊಡುತ್ತಾರೆ. ಆದರೆ ಅದರ ಒಳಗೂ ಹೊರಗೂ ತಮ್ಮದು ಇರುತ್ತದೆ. ನವಾಹೊ ಹುಡುಗಿಯ ಗೌನಿನೊಳಗೆ ಮಖಮಲ್ಲಿನ ಕುಪ್ಪಸ, ಕೊರಳಲ್ಲಿ ಬೆಳ್ಳಿ ಮತ್ತು ಟರ್ಕಾಯ್ಸ್ ಎಂಬ ಹಸಿರುನೀಲಿ ಕಲ್ಲು, ಉಣ್ಣೆ ನೂಲಿನಿಂದ ಬಿಗಿದ ತುರುಬು. ಲಕೋಟ ಪದವೀಧರನ ಹೆಗಲಿಗೆ ನಕ್ಷತ್ರದ ಕೌದಿ. ಚೌಕ ಟೋಪಿಯ ಅಂಚಿಗೆ ಸಾಸಿವೆ ಗಾತ್ರದ ಗಾಜಿನ ಮಣಿಗಳ ಕಸೂತಿ. ಅಮ್ಮನೋ ಅತ್ತೆಯೋ ಒಂದೊಂದೇ ಮಣಿಯನ್ನು ಸೂಜಿಗೆ ಪೋಣಿಸಿ ಹೊಲಿದದ್ದು.

ಈ ಮಣಿಯೂ ಆ ನೆಲದ್ದಲ್ಲ, ಯೂರೋಪಿನ ವ್ಯಾಪಾರಿಗಳು ತಂದದ್ದು. ಅದಕ್ಕೆ ಮುಂಚೆ ಮುಳ್ಳುಹಂದಿಯ ಮುಳ್ಳಿಗೆ ಬಣ್ಣ ಕಟ್ಟಿ ಕಸೂತಿ ಮಾಡುತ್ತಿದ್ದರು. ಕೌದಿ ಹೊಲಿಯುವುದನ್ನು ಲಕೋಟ ಹೆಂಗಸರು ಕಲಿತದ್ದು ಮಿಶನರಿಗಳಿಂದ. ಕಾಡೆಮ್ಮೆಗಳನ್ನು ಬಿಳಿಯರು ಹೆಚ್ಚುಕಡಿಮೆ ಕೊಂದು ಮುಗಿಸಿದ ಮೇಲೆ, ಗೌರವಕ್ಕೆ ಹೊದಿಸುತ್ತಿದ್ದ ತೊಗಲಿನ ಜಾಗಕ್ಕೆ ಆ ಕೌದಿ ಬಂತು. ಹೊರಗಿನಿಂದ ಬಂದದ್ದನ್ನು ತಮ್ಮ ಬಾಳಿಗೆ ಒಗ್ಗಿಸಿಕೊಳ್ಳುವ ಈ ಶಕ್ತಿಯೇ ಇವತ್ತು ಗೌನಿನ ಮೇಲೂ ಕೆಲಸ ಮಾಡುತ್ತಿದೆ ಎಂಬುದು ನನ್ನ ನಂಬಿಕೆ.

ಹದ್ದಿನ ಗರಿಯದು ಬೇರೆಯೇ ಮಾತು. ಗೌನನ್ನು ಬಾಡಿಗೆಗೆ ತರಬಹುದು, ಗರಿಯನ್ನು ಹಣಕ್ಕೆ ಪಡೆಯುವಂತಿಲ್ಲ. 1940ರಲ್ಲಿ ಬೋಳು ಹದ್ದಿಗೆ, 1962ರಲ್ಲಿ ಹೊನ್ನ ಹದ್ದಿಗೆ ರಕ್ಷಣೆ ಕೊಟ್ಟ ಕೇಂದ್ರ ಕಾನೂನು ಗರಿಯ ಮಾರಾಟವನ್ನೂ ನಿಷೇಧಿಸಿದೆ. ಸತ್ತು ಸಿಕ್ಕ ಹದ್ದುಗಳು ಕೊಲರಾಡೊದ ಸರ್ಕಾರಿ ಸಂಗ್ರಹಾಗಾರ ಸೇರುತ್ತವೆ. ಮಾನ್ಯತೆ ಪಡೆದ ಬುಡಕಟ್ಟಿನವರು ಅರ್ಜಿ ಹಾಕಿ ಕಾಯಬೇಕು. ಅದಕ್ಕಿಂತ ಹಳೆಯದು ಬುಡಕಟ್ಟಿನ ನಡಾವಳಿ: ಗರಿಯನ್ನು ಹಿರಿಯರು ಕೊಡಬೇಕು, ಕೊಡುವಷ್ಟು ನೀವು ಬಾಳಿರಬೇಕು. ಪದವಿಯ ದಿನ ಮನೆಯವರೋ ಹಿರಿಯರೋ ಅದನ್ನು ಕೂದಲಿಗೋ ಟೋಪಿಯ ಕುಚ್ಚಿನ ಪಕ್ಕಕ್ಕೋ ಕಟ್ಟುತ್ತಾರೆ.

ಬುಡಕಟ್ಟಿನ ಕೈಯಲ್ಲಿಲ್ಲದ ಶಾಲೆಗಳಲ್ಲಿ ಇದೇ ಗರಿಗಾಗಿ ಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಮೊಂಟಾನ 2017ರಲ್ಲಿ ಈ ಹಕ್ಕಿಗೆ ಕಾನೂನು ಮಾಡಿತು. ಓಕ್ಲಹೋಮದಲ್ಲಿ 2023ರಲ್ಲಿ ರಾಜ್ಯಪಾಲರು ಅಂಥ ಮಸೂದೆಯನ್ನು ತಡೆದಾಗ ಶಾಸನಸಭೆ ಅವರ ತಡೆಯನ್ನು ಮೀರಿ ಅಂಗೀಕರಿಸಿತು. ಒಳ್ಳೆಯದೇ ಆಯಿತು. ಆದರೂ ಅದು ಬೇರೆಯವರು ಕೊಟ್ಟ ಅನುಮತಿ. ಬುಡಕಟ್ಟಿನ ಕಾಲೇಜಿನಲ್ಲಿ ಅನುಮತಿಯ ಪ್ರಶ್ನೆಯೇ ಏಳುವುದಿಲ್ಲ. ಇಂಥ ಕಾಲೇಜು ಬೇಕೆನ್ನುವುದಕ್ಕೆ ನನಗೆ ಇಷ್ಟೇ ಕಾರಣ ಸಾಕು.

2010ರಲ್ಲಿ ಭೋಪಾಲದಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ಘಟಿಕೋತ್ಸವದ ವೇದಿಕೆಯ ಮೇಲೇ ಗೌನು ಕಳಚಿದಾಗ ನಮ್ಮಲ್ಲೂ ಚರ್ಚೆಯಾಯಿತು. ಬೇಕೋ ಬೇಡವೋ ಎಂಬಲ್ಲಿಗೇ ಅದು ನಿಂತಿತು. ಯಾರು ತೊಡಿಸಬೇಕು ಎಂದು ನಾವು ಕೇಳಿಕೊಳ್ಳಲಿಲ್ಲ. ನಮ್ಮ ವಿಶ್ವವಿದ್ಯಾಲಯಗಳಿಗೆ ನನ್ನದೊಂದು ಸಲಹೆ: ಮೊದಲ ತಲೆಮಾರಿನ ಪದವೀಧರರ ತಾಯ್ತಂದೆಯರನ್ನು ಘಟಿಕೋತ್ಸವದ ವೇದಿಕೆಗೆ ಕರೆಯಿರಿ, ಗೌನನ್ನೋ ಶಾಲನ್ನೋ ಅವರ ಕೈಯಿಂದಲೇ ಹೊದಿಸಿರಿ.