ಸದನಕ್ಕೊಂದು ಸೂರು, ಸೂರಿಗೊಂದು ಲೆಕ್ಕ



ಹೈದರಾಬಾದಿನ ನಾಂಪಲ್ಲಿಯಿಂದ ಸೈಫಾಬಾದಿನ ಕಡೆಗೆ ಹೊರಟವರಿಗೆ ಪಬ್ಲಿಕ್ ಗಾರ್ಡನ್ಸ್ ಮಗ್ಗುಲಲ್ಲಿ ಗುಮ್ಮಟ, ಕಮಾನುಗಳ ಬಿಳಿಯ ಕಟ್ಟಡವೊಂದು ಕಾಣಿಸುತ್ತದೆ. ಅದನ್ನು ಕಟ್ಟಿದ್ದು ವಿಧಾನಸಭೆಗಾಗಿ ಅಲ್ಲ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರಿಗೆ ನಲವತ್ತು ತುಂಬಿದ ನೆನಪಿಗೆ ಊರಿಗೊಂದು ಟೌನ್ ಹಾಲ್ ಬೇಕೆಂದು ನಗರದ ಜನ ಹಂಬಲಿಸಿದರು. 1905ರಲ್ಲಿ ಅಡಿಗಲ್ಲು ಬಿತ್ತು, 1913ರಲ್ಲಿ ಕೆಲಸ ಮುಗಿಯಿತು. ಯಾರ ಹೆಸರಿನಲ್ಲಿ ಅದು ಎದ್ದಿತೋ ಆ ನಿಜಾಮರು 1911ರಲ್ಲೇ ತೀರಿಕೊಂಡಿದ್ದರು.

ಸ್ವಾತಂತ್ರ್ಯ ಬಂದು, ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿ, 1952ರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ನಡೆದಾಗ 175 ಮಂದಿ ಶಾಸಕರು ಕೂರುವುದಕ್ಕೊಂದು ಜಾಗ ಬೇಕಾಯಿತು. ಆಗ ಒದಗಿಬಂದದ್ದು ಈ ಟೌನ್ ಹಾಲ್. ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿ, ಕಾಶೀನಾಥರಾವ್ ವೈದ್ಯ ಸಭಾಧ್ಯಕ್ಷರು. ತೆಲಂಗಾಣದವರೊಂದಿಗೆ ಮರಾಠವಾಡದವರೂ, ನಮ್ಮ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳವರೂ ಅದೇ ಸಭಾಂಗಣದಲ್ಲಿ ಕೂತು ಜಮೀನಿನ ಕಾಯಿದೆಗಳನ್ನು ಚರ್ಚಿಸಿದರು. ಹೊಸ ಸರ್ಕಾರ ತನ್ನ ಸದನಕ್ಕೆಂದು ಹೊಸ ಮನೆ ಕಟ್ಟಲು ಹೋಗಲಿಲ್ಲ. ಇದ್ದ ಕಟ್ಟಡವನ್ನೇ ಬಳಸಿಕೊಂಡಿತು.

ನಾಲ್ಕೂವರೆ ವರ್ಷ ಕಳೆದು 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಕಲಬುರಗಿ, ರಾಯಚೂರು, ಬೀದರ್ ಭಾಗದ ಶಾಸಕರು ಹೈದರಾಬಾದಿನ ಟೌನ್ ಹಾಲನ್ನು ಬಿಟ್ಟು ಬೆಂಗಳೂರಿಗೆ ಬಂದರು. ಇಲ್ಲಿ ಅವರಿಗಾಗಿ ಕಾದಿದ್ದದ್ದು ಹೊಸದಾಗಿ ಎದ್ದುನಿಂತ ವಿಧಾನಸೌಧ. ಜನರ ಉತ್ಸಾಹದಿಂದ ಎದ್ದ ಟೌನ್ ಹಾಲೊಂದರಿಂದ, ಖರ್ಚಿನ ಕಾರಣಕ್ಕೆ ನಾಡೆಲ್ಲ ಮಾತಾಡುತ್ತಿದ್ದ ಗ್ರಾನೈಟ್ ಸೌಧಕ್ಕೆ ಬಂದವರು ಅವರು. ಶಾಸನಸಭೆಯ ಕಟ್ಟಡಕ್ಕೆ ಎಷ್ಟು ಖರ್ಚಾಗಬೇಕು, ಆ ಲೆಕ್ಕವನ್ನು ಯಾರು ಕೇಳಬೇಕು ಎಂಬ ಪ್ರಶ್ನೆಯ ಎರಡು ತುದಿಗಳನ್ನೂ ಹತ್ತಿರದಿಂದ ಕಂಡವರು ಈ ಹೈದರಾಬಾದ್ ಕರ್ನಾಟಕದ ಪ್ರತಿನಿಧಿಗಳು.

ವಿಧಾನಸೌಧದ ಕಥೆ ಶುರುವಾದದ್ದು ಸಣ್ಣ ಯೋಜನೆಯಿಂದ. ಮೈಸೂರು ರಾಜ್ಯದ ಶಾಸಕರು ಅಂದು ಕಬ್ಬನ್ ಪಾರ್ಕಿನ ಅಠಾರಾ ಕಚೇರಿಯಲ್ಲಿ ಸಭೆ ಸೇರುತ್ತಿದ್ದರು. ಜಾಗ ಇಕ್ಕಟ್ಟಾಗಿತ್ತು. ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾಗಿದ್ದಾಗ ಸರಳವಾದ ಎರಡಂತಸ್ತಿನ ಕಟ್ಟಡವೊಂದರ ನಕ್ಷೆ ತಯಾರಾಯಿತು. 1951ರ ಜುಲೈ 13ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದರು. ಮರುವರ್ಷ ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿಯಾದರು, ನಕ್ಷೆಯೇ ಬದಲಾಯಿತು. ದ್ರಾವಿಡ ಶೈಲಿಯ ಕಂಬಗಳು, ಗೋಪುರ, ಅಗಲವಾದ ಮೆಟ್ಟಿಲುಗಳ ಸಾಲು, ಮಾಗಡಿ ಮತ್ತು ತುರುವೇಕೆರೆಯ ಕಲ್ಲು ಎಲ್ಲವೂ ಸೇರಿಕೊಂಡವು. ಬಿ.ಆರ್. ಮಾಣಿಕಂ ಅವರ ನೇತೃತ್ವದಲ್ಲಿ ಕೆಲಸ ನಡೆಯಿತು. ಸಾವಿರಾರು ಕೂಲಿಗಳು, ಕಲ್ಲುಕುಟಿಗರ ಜೊತೆಗೆ ಬೆಂಗಳೂರಿನ ಸೆಂಟ್ರಲ್ ಜೈಲಿನ ಕೈದಿಗಳೂ ದುಡಿದರು. ಲಕ್ಷಗಳ ಲೆಕ್ಕದಲ್ಲಿ ಆರಂಭವಾದ ಅಂದಾಜು ಕೊನೆಗೆ ಸುಮಾರು ಒಂದೂಮುಕ್ಕಾಲು ಕೋಟಿಗೆ ಹೋಗಿ ಮುಟ್ಟಿತು.

ಇಂದಿನ ಕಿವಿಗೆ ಈ ಮೊತ್ತ ಚಿಕ್ಕದಾಗಿ ಕೇಳಬಹುದು. ಆದರೆ ಅದು ಹಳ್ಳಿಗಳಿಗೆ ಶಾಲೆ, ಬಾವಿ, ರಸ್ತೆ ಬೇಕೆಂದು ಶಾಸಕರು ಗೋಗರೆಯುತ್ತಿದ್ದ ಮೊದಲ ಪಂಚವಾರ್ಷಿಕ ಯೋಜನೆಯ ಕಾಲ. ವಿಧಾನಸಭೆಯಲ್ಲಿ ಪ್ರಶ್ನೆಗಳೆದ್ದವು, ಪತ್ರಿಕೆಗಳು ಬರೆದವು, ಹನುಮಂತಯ್ಯನವರ ಸ್ವಂತ ಪಕ್ಷದೊಳಗೇ ಅಸಮಾಧಾನ ಹೊಗೆಯಾಡಿತು. 1956ರ ಆಗಸ್ಟಿನಲ್ಲಿ ಕಾಂಗ್ರೆಸ್ ಶಾಸಕಾಂಗ ಪಕ್ಷದ ವಿಶ್ವಾಸ ಕಳೆದುಕೊಂಡು ಅವರು ರಾಜೀನಾಮೆ ಕೊಟ್ಟಾಗ, ಅವರ ಮೇಲಿದ್ದ ಟೀಕೆಗಳಲ್ಲಿ ಸೌಧದ ಖರ್ಚೂ ಒಂದಾಗಿತ್ತು. ಮುಂದೆ ಆ ನಿರ್ಮಾಣದ ಬಗ್ಗೆ ವಿಚಾರಣಾ ಸಮಿತಿಯೂ ನೇಮಕವಾಯಿತು. ಕನಸು ಕಂಡು ಕಟ್ಟಿಸಿದವರು ಏಕೀಕೃತ ರಾಜ್ಯದ ಮುಖ್ಯಮಂತ್ರಿಯಾಗಿ ಅಲ್ಲಿ ಕೂರಲಿಲ್ಲ. 1956ರ ನವೆಂಬರಿನಲ್ಲಿ ಆ ಪದವಿಗೆ ಬಂದವರು ಎಸ್. ನಿಜಲಿಂಗಪ್ಪ.

ವಿಧಾನಸೌಧ ಇಂದು ಕನ್ನಡಿಗರ ಹೆಮ್ಮೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಟ್ಟಡ ಚೆನ್ನಾಗಿ ಬಂತು ಎಂಬ ಕಾರಣಕ್ಕೆ ಅಂದು ಲೆಕ್ಕ ಕೇಳಿದವರು ತಪ್ಪು ಮಾಡಿದರು ಎನ್ನಲಾಗದು. ಅವರ ಪ್ರಶ್ನೆಗಳು ಇನ್ನೂ ಮುಂಚೆ, ನಕ್ಷೆ ಬದಲಾದ ದಿನವೇ ಸದನದ ಮುಂದೆ ಇತ್ಯರ್ಥವಾಗಿದ್ದರೆ ಆಮೇಲೆ ವಿಚಾರಣೆಯ ಅಗತ್ಯ ಬೀಳುತ್ತಿರಲಿಲ್ಲ.

ಸಂಸತ್ ಭವನಗಳ ಇತಿಹಾಸದ ತುಂಬ ಇಂಥದೇ ಕಥೆಗಳಿವೆ. ಲಂಡನ್ನಿನ ಹಳೆಯ ವೆಸ್ಟ್‌ಮಿನ್‌ಸ್ಟರ್ ಅರಮನೆ 1834ರ ಅಕ್ಟೋಬರಿನಲ್ಲಿ ಸುಟ್ಟುಹೋಯಿತು. ಹೊಸದನ್ನು ಕಟ್ಟುವ ಹೊಣೆ ಹೊತ್ತ ಚಾರ್ಲ್ಸ್ ಬ್ಯಾರಿ, ಸುಮಾರು 7 ಲಕ್ಷ ಪೌಂಡು ಸಾಕು, ಆರು ವರ್ಷಗಳಲ್ಲಿ ಮುಗಿಯುತ್ತದೆ ಎಂದು ಲೆಕ್ಕ ಹಾಕಿದ್ದರು. ಖರ್ಚು 20 ಲಕ್ಷ ಪೌಂಡು ದಾಟಿತು, ಕೆಲಸ ಎರಡು ದಶಕಗಳಾಚೆಗೂ ನಡೆಯಿತು. 1860ರಲ್ಲಿ ಬ್ಯಾರಿ ಕಣ್ಣುಮುಚ್ಚಿದಾಗಲೂ ಕೆಲಸ ಪೂರ್ತಿ ಮುಗಿದಿರಲಿಲ್ಲ.

ಸ್ಕಾಟ್ಲೆಂಡಿನದು ನಮ್ಮ ಕಾಲದ ಉದಾಹರಣೆ. 1997ರಲ್ಲಿ ಅಲ್ಲಿ ಪ್ರತ್ಯೇಕ ಸಂಸತ್ತಿನ ಪ್ರಸ್ತಾಪ ಬಂದಾಗ ಕಟ್ಟಡಕ್ಕೆ 1 ಕೋಟಿಯಿಂದ 4 ಕೋಟಿ ಪೌಂಡು ಎಂದು ಸರ್ಕಾರ ಜನರಿಗೆ ಹೇಳಿತ್ತು. ಎಡಿನ್‌ಬರೊದ ಹೋಲಿರೂಡಿನಲ್ಲಿ ಕಟ್ಟಡ ತೆರೆದದ್ದು 2004ರ ಅಕ್ಟೋಬರಿನಲ್ಲಿ, ಮೂರು ವರ್ಷ ತಡವಾಗಿ. ತಗಲಿದ ಹಣ ಸುಮಾರು 41 ಕೋಟಿ 40 ಲಕ್ಷ ಪೌಂಡು. ಈ ನಡುವೆ 1999ರಲ್ಲಿ ಮತ್ತು 2000ದಲ್ಲಿ ಶಾಸಕರು ಮತ ಹಾಕಿ, ಕೆಲಸ ಮುಂದುವರಿಯಲಿ ಎಂದು ತೀರ್ಮಾನಿಸಿದ್ದರು. ಎರಡನೆಯ ಸಲ 19 ಕೋಟಿ 50 ಲಕ್ಷ ಪೌಂಡಿನ ಮಿತಿಯನ್ನೂ ಹಾಕಿದ್ದರು. ಆ ಮಿತಿ ಉಳಿಯಲಿಲ್ಲ. 2004ರ ಸೆಪ್ಟೆಂಬರಿನಲ್ಲಿ ಬಂದ ಲಾರ್ಡ್ ಫ್ರೇಸರ್ ವಿಚಾರಣಾ ವರದಿ ಕಾರಣಗಳನ್ನು ಬಿಡಿಸಿಟ್ಟಿತು: ಗುತ್ತಿಗೆಯ ಬಗೆಯನ್ನು ಆರಿಸಿದ್ದೇ ತಪ್ಪಾಗಿತ್ತು, ಬೇಗ ಮುಗಿಸುವ ಅವಸರವಿತ್ತು, ಖರ್ಚು ಏರುವ ಅಪಾಯದ ಮಾಹಿತಿ ಅಧಿಕಾರಿಗಳಿಂದ ಮಂತ್ರಿಗಳಿಗೆ ಸರಿಯಾಗಿ ತಲುಪಿರಲಿಲ್ಲ. ಮಂತ್ರಿಗಳಿಗೇ ತಿಳಿಯದ್ದು ಶಾಸಕರಿಗೆ ಹೇಗೆ ತಿಳಿದೀತು? ಕೈಯೆತ್ತಿ ಮತ ಹಾಕಿದ ಮಾತ್ರಕ್ಕೆ ಲೆಕ್ಕ ಪರಿಶೀಲಿಸಿದಂತಾಗುವುದಿಲ್ಲ ಎಂಬುದನ್ನು ಆ ಸಣ್ಣ ದೇಶ ಕೋಟಿಗಟ್ಟಲೆ ತೆತ್ತು ಕಲಿಯಿತು.

ಈಗ ಮತ್ತೆ ಹೈದರಾಬಾದಿಗೆ ಬರೋಣ. 1956ರಿಂದ ಆಂಧ್ರಪ್ರದೇಶದ ವಿಧಾನಸಭೆ ಅದೇ ಟೌನ್ ಹಾಲಿನಲ್ಲಿ ನಡೆಯಿತು. 1980ರ ದಶಕದಲ್ಲಿ, ಹಳೆಯ ಕಟ್ಟಡದ ಚಹರೆಗೆ ಹೊಂದುವಂತೆ ಪಕ್ಕದಲ್ಲೇ ಇನ್ನೊಂದು ಸಭಾಂಗಣ ಬಂತು. 2014ರ ಜೂನ್ 2ರಂದು ತೆಲಂಗಾಣ ಬೇರೆಯಾದಾಗ ಹೈದರಾಬಾದ್ ಹತ್ತು ವರ್ಷಗಳ ಮಟ್ಟಿಗೆ ಜಂಟಿ ರಾಜಧಾನಿಯಾಯಿತು. ಎರಡು ರಾಜ್ಯಗಳ ಶಾಸಕರು ಒಂದೇ ಆವರಣವನ್ನು ಹಂಚಿಕೊಂಡರು. 2017ರಲ್ಲಿ ಆಂಧ್ರದ ಸದನ ಅಮರಾವತಿಯ ವೆಲಗಪೂಡಿಗೆ ಹೋಯಿತು.

ಹೊಸ ರಾಜ್ಯಕ್ಕೆ ಹೊಸ ಸಚಿವಾಲಯ, ಹೊಸ ವಿಧಾನಸಭೆ ಬೇಕೆಂಬುದು ಅಂದಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅವರ ಬಯಕೆಯಾಗಿತ್ತು. ಮೊದಲು ಎರ್ರಗಡ್ಡದ ಎದೆರೋಗ ಆಸ್ಪತ್ರೆಯ ಜಾಗದ ಮಾತು ಬಂತು. ಆಮೇಲೆ ಸಿಕಂದರಾಬಾದಿನ ಬೈಸನ್ ಪೋಲೊ ಮೈದಾನ. ಅದು ರಕ್ಷಣಾ ಇಲಾಖೆಯ ಜಾಗ. ಕೊನೆಗೆ 2019ರ ಜೂನ್ 27ರಂದು ಎರಡು ಕಡೆ ಅಡಿಗಲ್ಲು ಬಿತ್ತು. ಹುಸೇನ್ ಸಾಗರದ ದಡದಲ್ಲಿದ್ದ ಹಳೆಯ ಸಚಿವಾಲಯವನ್ನು ಕೆಡವಿ ಅಲ್ಲೇ ಹೊಸ ಸಚಿವಾಲಯ ಕಟ್ಟುವುದು, ಅಂದಾಜು 400 ಕೋಟಿ. ಖೈರತಾಬಾದ್ ಮತ್ತು ಪಂಜಾಗುಟ್ಟದ ನಡುವೆ ದಿಬ್ಬದ ಮೇಲಿರುವ ಇರಮ್ ಮಂಜಿಲ್ ಆವರಣದಲ್ಲಿ ವಿಧಾನಸಭೆ ಕಟ್ಟುವುದು, ಅಂದಾಜು 100 ಕೋಟಿ. ಇರಮ್ ಮಂಜಿಲ್ ಎಂದರೆ ನವಾಬ್ ಫಕ್ರುಲ್ ಮುಲ್ಕರ ಅರಮನೆ, ನೂರಕ್ಕೂ ಹೆಚ್ಚು ಕೋಣೆಗಳ ಹಳೆಯ ಕಟ್ಟಡ.

ಆ ತಿಂಗಳಲ್ಲೇ ಸದನದೊಳಗೆ ಇನ್ನೊಂದು ಸಂಗತಿ ನಡೆದಿತ್ತು. 2018ರ ಚುನಾವಣೆಯಲ್ಲಿ 119 ಸ್ಥಾನಗಳಲ್ಲಿ 88 ಗೆದ್ದಿದ್ದ ತೆಲಂಗಾಣ ರಾಷ್ಟ್ರ ಸಮಿತಿಯೊಳಗೆ ಕಾಂಗ್ರೆಸ್ಸಿನ 12 ಶಾಸಕರು ವಿಲೀನವಾದರು. ಕಾಂಗ್ರೆಸ್ ಮುಖ್ಯ ವಿರೋಧ ಪಕ್ಷದ ಸ್ಥಾನವನ್ನು ಕಳೆದುಕೊಂಡಿತು. 500 ಕೋಟಿಯ ಎರಡು ಅಡಿಗಲ್ಲುಗಳು ಬಿದ್ದ ಹೊತ್ತಿಗೆ ಆ ಅಂದಾಜನ್ನು ಸದನದಲ್ಲಿ ಬಿಡಿಸಿ ಕೇಳುವ ದನಿಯೇ ಕ್ಷೀಣಿಸಿತ್ತು.

ಹಾಗಾಗಿ ಪ್ರಶ್ನೆ ನ್ಯಾಯಾಲಯದ ಬಾಗಿಲಿಗೆ ಹೋಯಿತು. ಇತಿಹಾಸಪ್ರಿಯರು, ಹೋರಾಟಗಾರರು, ವಿಧಾನ ಪರಿಷತ್ ಸದಸ್ಯ ಟಿ. ಜೀವನ್ ರೆಡ್ಡಿಯವರಂಥ ವಿರೋಧ ಪಕ್ಷದವರು ತೆಲಂಗಾಣ ಹೈಕೋರ್ಟಿಗೆ ಅರ್ಜಿ ಹಾಕಿದರು. 2019ರ ಸೆಪ್ಟೆಂಬರ್ 16ರಂದು ಮುಖ್ಯ ನ್ಯಾಯಮೂರ್ತಿ ರಾಘವೇಂದ್ರ ಸಿಂಗ್ ಚೌಹಾಣ್ ಮತ್ತು ನ್ಯಾಯಮೂರ್ತಿ ಶಮೀಮ್ ಅಖ್ತರ್ ಅವರ ಪೀಠ ಇರಮ್ ಮಂಜಿಲ್ ಕೆಡವುವ ಸಂಪುಟದ ತೀರ್ಮಾನವನ್ನು ರದ್ದು ಮಾಡಿತು. ಪಾರಂಪರಿಕ ಕಟ್ಟಡಕ್ಕೆ ಇರುವ ಕಾನೂನಿನ ರಕ್ಷಣೆಯನ್ನು ಸರ್ಕಾರ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ ಎಂಬುದು ತೀರ್ಪಿನ ತಿರುಳು. ವಿಧಾನಸಭೆಯ ಯೋಜನೆ ಅಲ್ಲಿಗೇ ನಿಂತಿತು.

ಸಚಿವಾಲಯದ ಪಾಲಿಗೆ ತೀರ್ಪು ಬೇರೆಯಾಯಿತು. ಹಳೆಯ ಬ್ಲಾಕುಗಳು ಚದುರಿಹೋಗಿವೆ, ಬೆಂಕಿಯಿಂದ ಸುರಕ್ಷಿತವಲ್ಲ ಎಂದು ಸರ್ಕಾರ ವಾದಿಸಿತು. ಸರ್ಕಾರದ ನೀತಿಗೆ ಸೇರಿದ ವಿಷಯದಲ್ಲಿ ತಾನು ಕೈಹಾಕುವುದಿಲ್ಲವೆಂದು 2020ರ ಜೂನಿನಲ್ಲಿ ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. ಕೊರೊನಾದ ಆ ದಿನಗಳಲ್ಲೇ, ಜುಲೈ 7ರಿಂದ ಕೆಡವುವ ಕೆಲಸ ನಡೆಯಿತು. 1888ರಲ್ಲಿ ಕಟ್ಟಿದ ಸೈಫಾಬಾದ್ ಅರಮನೆ, ಅಂದರೆ ಜಿ ಬ್ಲಾಕ್ ಕೂಡ ಉರುಳಿತು. 400 ಕೋಟಿ ಎಂದಿದ್ದ ಯೋಜನೆಗೆ ಸುಮಾರು 617 ಕೋಟಿಯ ಆಡಳಿತಾತ್ಮಕ ಮಂಜೂರಾತಿ ಸಿಕ್ಕಿತು. 2023ರ ಏಪ್ರಿಲ್ 30ರಂದು ಡಾ. ಬಿ.ಆರ್. ಅಂಬೇಡ್ಕರ್ ಹೆಸರಿನ ಹೊಸ ಸಚಿವಾಲಯ ಉದ್ಘಾಟನೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ಕಾರ ಬದಲಾಗಿ, ಅಂದು ವಿರೋಧಿಸಿದ್ದ ಕಾಂಗ್ರೆಸ್ಸಿನ ಮುಖ್ಯಮಂತ್ರಿ ಅಲ್ಲಿ ಕೂತರು. ಒಮ್ಮೆ ಎದ್ದ ಕಟ್ಟಡ ಯಾವ ಪಕ್ಷ ಬಂದರೂ ಉಳಿಯುತ್ತದೆ, ಅದರ ಖರ್ಚೂ ಖಜಾನೆಯ ಮೇಲೆ ಉಳಿಯುತ್ತದೆ.

ದೆಹಲಿಯ ಹೊಸ ಸಂಸತ್ ಭವನದ ವಿಷಯದಲ್ಲೂ ವಾದ ಇದೇ ಜಾಡು ಹಿಡಿಯಿತು. ಹಳೆಯ ವೃತ್ತಾಕಾರದ ಭವನವನ್ನು 1921ರಿಂದ 1927ರ ನಡುವೆ 83 ಲಕ್ಷ ರೂಪಾಯಿಯಲ್ಲಿ ಕಟ್ಟಿದ್ದರು. ಹೊಸದಕ್ಕೆ 2020ರ ಡಿಸೆಂಬರ್ 10ರಂದು ಶಿಲಾನ್ಯಾಸವಾದಾಗ ಹೇಳಿದ ಅಂದಾಜು 971 ಕೋಟಿ. ಟಾಟಾ ಪ್ರಾಜೆಕ್ಟ್ಸ್ ಪಡೆದ ಗುತ್ತಿಗೆಯ ಮೊತ್ತ 861.90 ಕೋಟಿ. ಸಾಂಕ್ರಾಮಿಕದ ಸಂಕಷ್ಟದಲ್ಲಿ ಈ ಖರ್ಚು ಬೇಕೇ ಎಂದು ಹಲವು ಸಂಸದರು ಕೇಳಿದರು. ಆದರೆ ಕಟ್ಟುವುದೋ ಬೇಡವೋ ಎಂಬ ಅಂತಿಮ ವಾದ ನಡೆದದ್ದು ಸುಪ್ರೀಂ ಕೋರ್ಟಿನಲ್ಲಿ. 2021ರ ಜನವರಿ 5ರಂದು ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಯೋಜನೆಯನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸಂಜೀವ್ ಖನ್ನಾ ಭಿನ್ನ ತೀರ್ಪು ಬರೆದರು. ಜನರ ಅಭಿಪ್ರಾಯ ಕೇಳಿದ ರೀತಿಯಲ್ಲಿ ಕೊರತೆಯಿತ್ತು ಎಂಬುದು ಅವರ ಮುಖ್ಯ ಆಕ್ಷೇಪ. 2023ರ ಮೇ 28ರಂದು ಭವನದ ಉದ್ಘಾಟನೆಯಾಯಿತು.

ಖರ್ಚು ಪರಿಶೀಲಿಸುವ ಉಪಕರಣಗಳು ನಮ್ಮ ಶಾಸಕರ ಕೈಯಲ್ಲಿ ಇಲ್ಲವೆಂದಲ್ಲ. ಬಜೆಟ್ಟಿನ ಅನುದಾನ ಬೇಡಿಕೆ ಬಂದಾಗ ಕಡಿತ ಸೂಚನೆ ಕೊಡಬಹುದು. ಪೂರಕ ಅಂದಾಜು ಬಂದಾಗ, ಮೊದಲ ಅಂದಾಜು ಏಕೆ ಮೀರಿತು ಎಂದು ಪಟ್ಟುಹಿಡಿದು ಕೇಳಬಹುದು. ಅಂದಾಜು ಸಮಿತಿ ಇದೆ. ಮಹಾಲೇಖಪಾಲರ ವರದಿಗಳು ಸಂವಿಧಾನದ 151ನೆಯ ವಿಧಿಯಂತೆ ಸದನಕ್ಕೇ ಬರುತ್ತವೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅವನ್ನು ಪರಿಶೀಲಿಸುತ್ತದೆ. ತೊಂದರೆ ಇರುವುದು ಕಾಲದ ವಿಷಯದಲ್ಲಿ. ಲೆಕ್ಕಪರಿಶೋಧನೆಯ ವರದಿ ಬರುವ ಹೊತ್ತಿಗೆ ಕಟ್ಟಡ ಎದ್ದಿರುತ್ತದೆ, ಗುತ್ತಿಗೆದಾರರ ಬಿಲ್ಲು ಪಾವತಿಯಾಗಿರುತ್ತದೆ, ಎಷ್ಟೋ ಸಲ ಸರ್ಕಾರವೂ ಬದಲಾಗಿರುತ್ತದೆ.

ಕರ್ನಾಟಕದವರು ಇದನ್ನು ಬೆಳಗಾವಿಯಲ್ಲೂ ಕಂಡಿದ್ದಾರೆ. ಸುವರ್ಣ ವಿಧಾನಸೌಧವನ್ನು 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ಗಡಿನಾಡಿನಲ್ಲಿ ರಾಜ್ಯದ ಹಕ್ಕನ್ನು ಸಾರಲು ನೂರಾರು ಕೋಟಿ ಖರ್ಚಿನಲ್ಲಿ ಎದ್ದ ಆ ಸೌಧದಲ್ಲಿ ವರ್ಷಕ್ಕೊಮ್ಮೆ, ಎರಡು ವಾರದಷ್ಟು ಅಧಿವೇಶನ ನಡೆಯುತ್ತದೆ. ಉಳಿದ ದಿನಗಳಲ್ಲಿ ಅದನ್ನು ಹೇಗೆ ಬಳಸಬೇಕೆಂಬ ಚರ್ಚೆ ಪ್ರತಿ ಅಧಿವೇಶನದ ಸಮಯದಲ್ಲೂ ಏಳುತ್ತದೆ. ನಕ್ಷೆ ತಯಾರಾಗುವಾಗಲೇ ಕೇಳಬೇಕಿದ್ದ ಪ್ರಶ್ನೆ ಅದು.

ಹೈದರಾಬಾದಿನ ಹಳೆಯ ಟೌನ್ ಹಾಲ್ ನೂರು ದಾಟಿಯೂ ನಿಂತಿದೆ. ಇತ್ತೀಚೆಗೆ ತೆಲಂಗಾಣ ಸರ್ಕಾರ ಆಗಾ ಖಾನ್ ಟ್ರಸ್ಟ್ ಫಾರ್ ಕಲ್ಚರ್ ಸಂಸ್ಥೆಯ ನೆರವಿನಿಂದ ಅದರ ಜೀರ್ಣೋದ್ಧಾರಕ್ಕೆ ಕೈಹಾಕಿತು. ಇರಮ್ ಮಂಜಿಲ್ ಕೂಡ ನ್ಯಾಯಾಲಯದ ತೀರ್ಪಿನಿಂದ ಉಳಿಯಿತು. ಹಳೆಯದನ್ನು ದುರಸ್ತಿ ಮಾಡುವ ದಾರಿ ಇದೆಯೇ ಎಂದು ಮೊದಲು ನೋಡುವುದು, ಇಲ್ಲವೆಂದಾದರೆ ಮಾತ್ರ ಹೊಸದರ ಅಂದಾಜು ಹಾಕುವುದು, ಆ ಅಂದಾಜನ್ನು ಅಡಿಗಲ್ಲು ಬೀಳುವ ಮುಂಚೆ ಸದನದ ಮೇಜಿನ ಮೇಲಿಡುವುದು, ವಿರೋಧ ಪಕ್ಷದವರೂ ಇರುವ ಸಮಿತಿಗೆ ಅದನ್ನು ಒಪ್ಪಿಸುವುದು: ಇಷ್ಟು ಪದ್ಧತಿ ಬಂದರೆ ಅರ್ಧ ವಿವಾದಗಳು ಹುಟ್ಟುವುದೇ ಇಲ್ಲ.

ನಿಮ್ಮ ಜಿಲ್ಲೆಯಲ್ಲಿ ಹೊಸ ಜಿಲ್ಲಾಡಳಿತ ಭವನವೋ, ತಾಲ್ಲೂಕು ಸೌಧವೋ ಏಳುತ್ತಿದ್ದರೆ, ಅದರ ಅಂದಾಜು ಎಷ್ಟಿತ್ತು, ಈಗ ಎಷ್ಟಾಗಿದೆ ಎಂದು ನಿಮ್ಮ ಶಾಸಕರನ್ನು ಕೇಳಿ. ಅವರು ಸದನದಲ್ಲಿ ಆ ಪ್ರಶ್ನೆ ಎತ್ತಲಿ. ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ನಿಮ್ಮ ಕೈಯಲ್ಲೂ ಇದೆ. ಅದನ್ನು ಬಳಸಿ.