ಗುಳಿಗೆ ಪಟ್ಟಿಗೆ ಹೊಣೆ ಯಾರು? — ವೃದ್ಧಾಶ್ರಮಗಳಲ್ಲಿ ಔಷಧಿಯ ಲೆಕ್ಕ



 ಯಾರ ಹೆಸರಿನಲ್ಲಿ ಈ ದತ್ತಿ ಉಪನ್ಯಾಸ ನಡೆಯುತ್ತಿದೆಯೋ ಆ ಹಿರಿಯರು ಕಂಪೌಂಡರಾಗಿ ದುಡಿದವರು. ಮಿಕ್ಸ್ಚರ್ ಬಾಟಲಿಗೆ ಕಾಗದದ ಪಟ್ಟಿ ಅಂಟಿಸಿ, ಅದರ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ, ಒಂದೊಂದು ಹಲ್ಲಿಗೆ ಒಂದು ಡೋಸು ಎಂದು ಗುರುತು ಮಾಡಿಕೊಡುತ್ತಿದ್ದ ಕಾಲ ಅದು. ಓದು ಬರಹ ಬಾರದವರೂ ಬಾಟಲಿ ನೋಡಿ ಎಷ್ಟು ಕುಡಿದೆವು, ಎಷ್ಟು ಉಳಿದಿದೆ ಎಂದು ತಿಳಿಯುತ್ತಿದ್ದರು. ಇಂದು ನಾನು ಕೇಳುವುದೂ ಇಷ್ಟನ್ನೇ: ಔಷಧಿಯ ಲೆಕ್ಕ ಅದನ್ನು ಕೊಡುವವರ ಕಣ್ಣಿಗೆ ಕಾಣುವಂತಿರಬೇಕು.

 

ಸರಿಯಾದ ವ್ಯಕ್ತಿಗೆ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಹೊತ್ತು, ಸರಿಯಾದ ದಾರಿ ಎಂಬ ಪಾಠ ಯಾವ ನರ್ಸಿಂಗ್ ಪುಸ್ತಕದಲ್ಲಾದರೂ ಸಿಗುತ್ತದೆ. ಇನ್ಸುಲಿನ್ ಹೇಗೆ ಇಡಬೇಕು, ಅವಧಿ ಮುಗಿದ ಸ್ಟ್ರಿಪ್ಪನ್ನು ಏನು ಮಾಡಬೇಕು ಎಂಬುದನ್ನೂ ಅಲ್ಲೇ ಓದಿಕೊಳ್ಳಬಹುದು. ಎರಡು ಎಚ್ಚರಿಕೆ ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಕೀಲುಬಾವಿಗೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಗುಳಿಗೆ. ದಿನಾ ಕೊಟ್ಟರೆ ಜೀವ ಹೋಗಬಹುದು. ಇನ್ನು, ಮೆಲ್ಲನೆ ಕರಗಲೆಂದು ಮಾಡಿದ ಗುಳಿಗೆಯನ್ನು ಕುಟ್ಟಿ ಗಂಜಿಗೆ ಬೆರೆಸಿದರೆ ದಿನವಿಡೀ ಹರಡಬೇಕಾದ ಮದ್ದು ಒಮ್ಮೆಗೇ ರಕ್ತಕ್ಕೆ ಸೇರುತ್ತದೆ.

ಕಾನೂನಿನ ಮಾತೂ ಬೇಗ ಮುಗಿಯುತ್ತದೆ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಅದರ 19ನೆಯ ಕಲಮು ಜಿಲ್ಲೆಗೊಂದಾದರೂ, ಕನಿಷ್ಠ 150 ಬಡ ಹಿರಿಯರಿಗೆ ಸಾಕಾಗುವ ವೃದ್ಧಾಶ್ರಮದ ಮಾತಾಡುತ್ತದೆ. ಅಲ್ಲಿ ವೈದ್ಯಕೀಯ ಆರೈಕೆಯನ್ನೂ ಮನರಂಜನೆಯನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದಾರೆ. ಗುಳಿಗೆ ಯಾರು ಇಡಬೇಕು, ಯಾರು ಬರೆದಿಡಬೇಕು, ಯಾರು ನಿಲ್ಲಿಸಬೇಕು ಎಂಬುದು ಆ ಕಲಮಿನಲ್ಲಿ ಇಲ್ಲ. ನನ್ನ ಇಡೀ ತಕರಾರು ಇರುವುದು ಆ ಮೂರನೆಯ ಪ್ರಶ್ನೆಯ ಮೇಲೆ.

ನಮ್ಮ ಭಾಗದ ಪರಿಸ್ಥಿತಿ ನೋಡಿ. ಬಸವಕಲ್ಯಾಣದ ಬಳಿ ಹೆದ್ದಾರಿಯ ಸಸ್ತಾಪುರ ಬಂಗ್ಲಾದಲ್ಲಿ ನಿಂತರೆ ಒಂದು ಕಡೆ ಸೋಲಾಪುರದ ಬಸ್ಸು, ಇನ್ನೊಂದು ಕಡೆ ಹೈದರಾಬಾದಿನ ಬಸ್ಸು. ಹಿರಿಯರನ್ನು ಮಗ ಒಂದು ಕಡೆಯ ವೈದ್ಯರಿಗೆ ತೋರಿಸುತ್ತಾನೆ, ಮಗಳು ಇನ್ನೊಂದು ಕಡೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೀಪಿ, ಶುಗರಿನ ಗುಳಿಗೆ ಪುಕ್ಕಟೆ ಸಿಗುತ್ತದೆ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆ ಮನೆ ಬಾಗಿಲಿಗೇ ತಪಾಸಣೆ ಮತ್ತು ಔಷಧಿ ತಂದುಕೊಡುವ ಆಶಯದ್ದು, ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಹೊಸ ಬಾಗಿಲು ತೆರೆದಾಗ ಹಳೆಯ ಬಾಗಿಲಿನಿಂದ ಏನು ಒಳಬಂದಿದೆ ಎಂದು ಯಾರಾದರೂ ನೋಡಬೇಕಲ್ಲ?

ಬಸವಕಲ್ಯಾಣ, ಹುಮನಾಬಾದ್ ಸುತ್ತಮುತ್ತ ಹಿರಿಯರು ಇರುವ ಕಡೆ ಹೋದಾಗಲೆಲ್ಲ ನಾನು ಮೊದಲು ಕೇಳುವುದು ಅವರ ಗುಳಿಗೆಗಳ ಕ್ಯಾರಿಬ್ಯಾಗು. ಒಬ್ಬ ಮುತ್ಯಾನ ಚೀಲವನ್ನು ಮೇಜಿನ ಮೇಲೆ ಸುರಿದಾಗ ಸರ್ಕಾರಿ ಸ್ಟ್ರಿಪ್ಪಿನಲ್ಲಿ ಬೀಪಿಯ ಗುಳಿಗೆ ಆಮ್ಲೊಡಿಪಿನ್ 5 ಮಿಲಿಗ್ರಾಂ ಇತ್ತು. ಒಂದು ಊರಿನಿಂದ ತಂದ ಜೋಡಿ ಗುಳಿಗೆಯಲ್ಲಿ ಟೆಲ್ಮಿಸಾರ್ಟನ್ ಎಂಬ ಇನ್ನೊಂದು ಬೀಪಿ ಮದ್ದಿನ ಜೊತೆ ಅದೇ ಆಮ್ಲೊಡಿಪಿನ್ 5. ಮತ್ತೊಂದು ಊರಿನ ಬಣ್ಣದ ಸ್ಟ್ರಿಪ್ಪಿನಲ್ಲಿ ಬೇರೆ ಬ್ರಾಂಡಿನ ಹೆಸರಲ್ಲಿ ಇನ್ನೊಂದು 5. ಒಟ್ಟು 15 ಮಿಲಿಗ್ರಾಂ. ಆ ಔಷಧಿಯ ಮಿತಿ ದಿನಕ್ಕೆ 10. ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ಕೇಳಿದಳು: “ಮೂರೂ ದಾಗ್ದರ್ ಬರ್ದು ಕೊಟ್ಟಿದ್ದೇ ಅವರಿ ಸರ, ಯಾವ್ದು ಬಿಡಬೇಕ್ರಿ?” ಅವಳ ಕೈಯಲ್ಲಿ ತಪ್ಪಿರಲಿಲ್ಲ. ಮೂರನ್ನೂ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದಳು.

ಅದೇ ಚೀಲದಲ್ಲಿ ಮೂತ್ರ ಬರಿಸುವ ಫ್ಯೂರೊಸೆಮೈಡ್ ಗುಳಿಗೆಯೂ ಇತ್ತು. ಯಾಕೆಂದರೆ ಕಾಲು ಬಾತಿತ್ತು. ಕಾಲು ಬಾಯುವುದು ಆಮ್ಲೊಡಿಪಿನ್ನಿನ ಪರಿಚಿತ ಅಡ್ಡಪರಿಣಾಮ. ಪ್ರಮಾಣ ಹೆಚ್ಚಿದಷ್ಟೂ ಬಾವು ಹೆಚ್ಚು. ಬಾವಿಗೆ ಮೂತ್ರದ ಗುಳಿಗೆ, ಅದರಿಂದ ರಾತ್ರಿ ಏಳುವುದು, ಎದ್ದಾಗ ಬೀಪಿ ಇಳಿದು ತಲೆಸುತ್ತು, ತಲೆಸುತ್ತಿಗೆ ಮತ್ತೊಂದು ಗುಳಿಗೆ. ಬಚ್ಚಲ ದಾರಿಯಲ್ಲಿ ಬಿದ್ದು ಸೊಂಟ ಮುರಿದರೆ ನಾವೆಲ್ಲ “ವಯಸ್ಸಾಯ್ತು” ಅನ್ನುತ್ತೇವೆ. ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್ ತಂದು ಸೇರಿಸಿದರೆ, ಟೆಲ್ಮಿಸಾರ್ಟನ್ ಮತ್ತು ಮೂತ್ರದ ಗುಳಿಗೆಯ ಜೊತೆ ಕೂಡಿ ಅದು ಮೂತ್ರಪಿಂಡವನ್ನೇ ಕೆಡಿಸಬಲ್ಲದು.

ಇಲ್ಲಿ ಔಷಧಶಾಸ್ತ್ರ ಕಲಿಸುವ ನನ್ನ ಸಹೋದ್ಯೋಗಿಗಳಲ್ಲಿ ಒಂದು ಪಂಗಡ ಗುಳಿಗೆ ಡಬ್ಬಿಯನ್ನು ಎತ್ತಿ ಹಿಡಿಯುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಏಳು ದಿನಕ್ಕೆ ಕೋಣೆ ಮಾಡಿದ ಡಬ್ಬಿ ಕೊಡಿಸಿ, ತಪ್ಪು ತಾನಾಗಿ ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ಮರೆವಿಗೆ ಡಬ್ಬಿ ಒಳ್ಳೆಯ ಮದ್ದು, ಒಪ್ಪುತ್ತೇನೆ. ಆದರೆ ಮುತ್ಯಾನ ಮೂರು ಆಮ್ಲೊಡಿಪಿನ್ನನ್ನು ಡಬ್ಬಿ ಏನು ಮಾಡುತ್ತದೆ? ಬಹಳ ಶಿಸ್ತಿನಿಂದ ಒಂದೇ ಕೋಣೆಗೆ ಹಾಕುತ್ತದೆ. ಸ್ಟ್ರಿಪ್ಪಿನಿಂದ ಬಿಡಿಸಿದ ಮೇಲೆ ಹೆಸರೂ ಹೋಯಿತು, ಮೂರೂ ಒಂದೇ ಎಂದು ಗುರುತಿಸುವ ಕೊನೆಯ ಅವಕಾಶವೂ ಹೋಯಿತು.

ಇಂಗ್ಲೆಂಡಿನ 55 ಆರೈಕೆ ಮನೆಗಳಲ್ಲಿ 256 ನಿವಾಸಿಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಡಬ್ಬಿಯ ಕಡೆಯವರು ಆಗಾಗ ಎತ್ತುತ್ತಾರೆ. ತಲಾ ಸರಾಸರಿ 8 ಔಷಧಿ. 10ರಲ್ಲಿ 7 ಜನರಿಗೆ ಒಂದಾದರೂ ತಪ್ಪು. ಅಷ್ಟಕ್ಕೇ ಪುಸ್ತಕ ಮುಚ್ಚಬಾರದು. ಕೈಯಿಂದ ಕೊಡುವಾಗಿನ ತಪ್ಪು ಶೇ. 8.4. ರಕ್ತಪರೀಕ್ಷೆ ಮುಂತಾದ ನಿಗಾ ಬೇಕಾದ ಔಷಧಿಗಳಲ್ಲಿ ಆ ನಿಗಾ ತಪ್ಪಿದ್ದು ಶೇ. 14.7. ಬರೆಯುವುದು, ಅಂಗಡಿಯಲ್ಲಿ ಎತ್ತಿಕೊಡುವುದು, ನಿಗಾ ಇಡುವುದು, ಇವೆಲ್ಲ ಗುಳಿಗೆ ಡಬ್ಬಿಗೆ ಬೀಳುವ ಮೊದಲಿನ ಅಥವಾ ಬಿದ್ದ ಮೇಲಿನ ಕೆಲಸ. ದಾದಿಯರೂ ದಾಖಲೆಯೂ ಇರುವ ದೇಶದಲ್ಲೇ ಹೀಗಿರುವಾಗ, ಊಟಕ್ಕೆ ಬಡಿಸುವವಳೇ ಗುಳಿಗೆಯನ್ನೂ ಕೊಡಬೇಕಾದ ನಮ್ಮಲ್ಲಿ ಅವಳ ಕೈಯನ್ನಷ್ಟೇ ತಿದ್ದಲು ಹೊರಡುವುದು ಅನ್ಯಾಯ.

ಇನ್ನೊಂದು ಪಂಗಡದ ವಾದ ನನಗೆ ಹೆಚ್ಚು ಕಳವಳ ತರುತ್ತದೆ. ಒಬ್ಬ ತಜ್ಞರು ಬರೆದದ್ದನ್ನು ಇನ್ನೊಬ್ಬರು ಮುಟ್ಟಬಾರದು ಎನ್ನುತ್ತಾರೆ. ಇದನ್ನು ಅವರು ವೃತ್ತಿಧರ್ಮ ಎಂದು ಕರೆಯುತ್ತಾರೆ. ಅದರ ಫಲವಾಗಿ, ಮುಟ್ಟುವವರೇ ಇಲ್ಲದ ಚೀಟಿ ಹತ್ತು ವರ್ಷ ನಡೆಯುತ್ತದೆ. ಗ್ಲಿಬೆನ್‌ಕ್ಲಮೈಡ್ ಎಂಬ ಶುಗರಿನ ಗುಳಿಗೆಯನ್ನೇ ತೆಗೆದುಕೊಳ್ಳಿ. ಅದು 60 ದಾಟಿದವರಿಗೆ ತಕ್ಕದ್ದಲ್ಲ ಎಂದು ಹೇಳಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಪಟ್ಟಿಯಲ್ಲಿ 2013ರಲ್ಲೇ ಗ್ಲಿಕ್ಲಜೈಡ್ ಎಂಬ ಇನ್ನೊಂದು ಗುಳಿಗೆಗೆ ಜಾಗ ಕೊಟ್ಟಿತು. ಗ್ಲಿಬೆನ್‌ಕ್ಲಮೈಡಿನ ಪ್ರಭಾವ ದೀರ್ಘ. ಶ್ರಾವಣ ಸೋಮವಾರ ಆಯಿ ಉಪವಾಸ ಇದ್ದರೂ, ರಂಜಾನಿನಲ್ಲಿ ದಾದಾ ರೋಜಾ ಹಿಡಿದರೂ ಅದು ಸುಮ್ಮನಿರುವುದಿಲ್ಲ. ನಸುಕಿನಲ್ಲಿ ಮೈ ಬೆವತು, ಮಾತು ತಪ್ಪಿ ಬಿದ್ದಿದ್ದರೆ ಲಕ್ವ ಎಂದುಕೊಂಡು ಓಡುತ್ತಾರೆ, ಮೊದಲು ಶುಗರ್ ನೋಡುವುದಿಲ್ಲ. ವಯಸ್ಸಾದವರಿಗೆ ತಕ್ಕದ್ದಲ್ಲದ ಔಷಧಿಗಳ ಪಟ್ಟಿಯನ್ನು ಡಾ. ಮಾರ್ಕ್ ಬಿಯರ್ಸ್ 1991ರಲ್ಲಿ ಸಿದ್ಧಪಡಿಸಿದ್ದೇ ನರ್ಸಿಂಗ್ ಹೋಮುಗಳಲ್ಲಿ ಇರುವವರಿಗಾಗಿ. ಮೂರು ದಶಕ ಕಳೆದರೂ ಯಾರು ನಿಲ್ಲಿಸಬೇಕು ಎಂದು ನಾವು ಮುಖ ಮುಖ ನೋಡುತ್ತಿದ್ದೇವೆ.

ನಿಲ್ಲಿಸುವುದೆಂದರೆ ಒಂದೇ ದಿನ ಚೀಲ ಖಾಲಿ ಮಾಡುವುದಲ್ಲ. ಮೆಟೊಪ್ರೊಲಾಲ್, ಸ್ಟಿರಾಯ್ಡ್, ಕ್ಲೊನಜೆಪಾಮ್, ಫಿಟ್ಸಿನ ಔಷಧಿಗಳನ್ನು ಥಟ್ಟನೆ ಬಿಟ್ಟರೆ ಅಪಾಯ. ಅದಕ್ಕೇ ಈ ಕೆಲಸ ಆಯಾಳದ್ದೂ ಅಲ್ಲ, ಮಗನದ್ದೂ ಅಲ್ಲ, ನನ್ನಂಥ ಔಷಧಶಾಸ್ತ್ರದ ಮೇಷ್ಟ್ರದ್ದೂ ಅಲ್ಲ. ಆಶ್ರಮ ಯಾವ ಆರೋಗ್ಯ ಕೇಂದ್ರದ ವ್ಯಾಪ್ತಿಗೆ ಬರುತ್ತದೋ ಅಲ್ಲಿನ ವೈದ್ಯಾಧಿಕಾರಿಯೇ ಪ್ರತಿ ನಿವಾಸಿಯ ಪಟ್ಟಿಗೆ ಹೊಣೆಗಾರರಾಗಲಿ. ಸೋಲಾಪುರದ ತಜ್ಞರು ಸಲಹೆ ಬರೆಯಲಿ. ಅದು ಪಟ್ಟಿಗೆ ಸೇರುವುದು ಇವರ ಸಹಿಯ ಮೇಲೆಯೇ. ಮೂರು ತಿಂಗಳಿಗೊಮ್ಮೆ ಚೀಲವನ್ನು ಮೇಜಿಗೆ ಸುರಿದು ಪಟ್ಟಿಗೆ ತಾಳೆ ನೋಡಲಿ. ಅವರಿಗೆ ಕೆಲಸದ ಹೊರೆ ಹೆಚ್ಚು ಎಂದು ನನಗೆ ಗೊತ್ತು. ಆದರೆ ಬಿದ್ದು ಸೊಂಟ ಮುರಿದವರು, ಶುಗರ್ ಇಳಿದು ಬಂದವರು ಕೊನೆಗೆ ಅವರ ಬಾಗಿಲಿಗೇ ಬರುತ್ತಾರೆ.

ಪಟ್ಟಿ ಕನ್ನಡದಲ್ಲಿರಲಿ, ಬ್ರಾಂಡಿನ ಬದಲು ಔಷಧಿಯ ಮೂಲ ಹೆಸರಿರಲಿ. ಮರಾಠಿ, ಉರ್ದು ಓದುವ ಸಿಬ್ಬಂದಿ ಇದ್ದರೆ ಪಕ್ಕದಲ್ಲಿ ಆ ಲಿಪಿಯೂ ಇರಲಿ. ಯಾವ ಕಾಯಿಲೆಗೆ, ಎಂದಿನಿಂದ, ಮತ್ತೆ ಎಂದು ನೋಡಬೇಕು ಎಂಬ ಅಂಕಣಗಳು ಬೇಕು. ಕಂಪೌಂಡರ್ ಹಿರಿಯರು ಕತ್ತರಿಸುತ್ತಿದ್ದ ಆ ಕಾಗದದ ಹಲ್ಲುಗಳಿಗೆ ಇಂದಿನ ರೂಪ ಇದೇ ಎಂದು ನಾನು ತಿಳಿದಿದ್ದೇನೆ.

ಇನ್ನೊಂದು ಅಂಕಣಕ್ಕಾಗಿ ನಾನು ಹಟ ಹಿಡಿಯುತ್ತೇನೆ: ಗುಳಿಗೆ ನುಂಗುವವರು ಏನೆಂದರು? ಬೇಡ ಎಂದವರನ್ನು ಹಟಮಾರಿ ಎಂದು ಬರೆದು, ಗುಳಿಗೆಯನ್ನು ಬಾಳೆಹಣ್ಣಿನಲ್ಲಿ ಮುಚ್ಚಿ ಕೊಡುವ ಪದ್ಧತಿ ಹಲವು ಕಡೆ ಇದೆ. ಮೂತ್ರದ ಗುಳಿಗೆಯನ್ನು ಮುತ್ಯಾ ಸಂಜೆ ಹೊತ್ತು ಉಗುಳುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, “ರಾತ್ರಿ ಕತ್ತಲಾಗ ಅಷ್ಟು ದೂರ ಯಾರ್ ಹೋಗ್ಬೇಕ್ರಿ?” ಎಂದರು. ವೈದ್ಯರು ಪಟ್ಟಿ ನೋಡಿ ಎರಡು ಆಮ್ಲೊಡಿಪಿನ್ ತೆಗೆಸಿದರು, ಮೂತ್ರದ ಗುಳಿಗೆಯನ್ನು ಬೆಳಿಗ್ಗೆಗೆ ಹಾಕಿದರು. ಬಾವು ಇಳಿದ ಮೇಲೆ ಅದನ್ನೂ ನಿಲ್ಲಿಸಿದರು.