ಕಾಡಿನ ಬಾಗಿಲಲ್ಲಿ ಪರವಾನಗಿ

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣ)



ಹೊರನಾಡಿನಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರು ರಜೆಗೆಂದು ಊರಿಗೆ ಹೋದಾಗ, ಮದುವೆ ಗೃಹಪ್ರವೇಶಗಳ ಓಡಾಟ ಮುಗಿಸಿ, ಮಕ್ಕಳಿಗೆ ಕಾಡು ತೋರಿಸಲು ಎರಡು ದಿನ ಕಬಿನಿಗೋ ಬಂಡೀಪುರಕ್ಕೋ ಹೋಗಿಬರುವುದುಂಟು. ನಾನೂ ಹೋಗಿದ್ದೇನೆ, ಜೀಪಿನಲ್ಲಿ ಕುಳಿತು ಆನೆಯ ಹಿಂಡನ್ನು ಕಂಡು ಹಿಗ್ಗಿದ್ದೇನೆ. ಆದುದರಿಂದ ಪ್ರವಾಸಿಗಳನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆ ಜೀಪು ಯಾರ ಅಪ್ಪಣೆಯಿಂದ ಕಾಡಿನೊಳಗೆ ಹೋಯಿತು, ಅಪ್ಪಣೆ ಕೊಟ್ಟವರಿಗೆ ಆ ಅಧಿಕಾರ ಎಷ್ಟರಮಟ್ಟಿಗೆ ಇದೆ ಎಂಬುದಷ್ಟೇ ಇಂದಿನ ವಿಚಾರ.

ಸರಕಾರಿ ಕಡತಗಳ ನಡುವೆ ಬಹಳ ವರ್ಷ ಕಳೆದವನಿಗೆ ಒಂದು ಸಂಗತಿ ಮನವರಿಕೆಯಾಗಿರುತ್ತದೆ. ‘ಷರತ್ತುಗಳಿಗೆ ಒಳಪಟ್ಟು ಅನುಮತಿ ನೀಡಲಾಗಿದೆ’ ಎಂಬ ವಾಕ್ಯದಲ್ಲಿ ಅರ್ಜಿದಾರನಿಗೆ ಕಾಣಿಸುವುದು ‘ಅನುಮತಿ’ ಎಂಬ ಒಂದೇ ಪದ. ಷರತ್ತುಗಳು ಕಡತದಲ್ಲಿ ಉಳಿಯುತ್ತವೆ. ಕೆಲವು ವರ್ಷಗಳಾದ ಮೇಲೆ ಅನುಮತಿಯು ಹಕ್ಕಿನ ವೇಷ ಧರಿಸಿ ಬಾಗಿಲಲ್ಲಿ ನಿಲ್ಲುತ್ತದೆ. ಅಂಗಡಿ ಮುಂಗಟ್ಟಿನ ಪರವಾನಗಿಯಲ್ಲಿ ಇದರಿಂದ ಆಗುವ ಹಾನಿ ಅಲ್ಪ. ಕಾಡಿನ ವಿಷಯದಲ್ಲಿ ಆಗುವ ಹಾನಿಯನ್ನು ತುಂಬಿಕೊಡುವುದು ಸಾಧ್ಯವಿಲ್ಲ.

ನಾಗರಹೊಳೆಯ ಒಂದು ಪ್ರಕರಣವನ್ನು ನೆನಪಿಸುತ್ತೇನೆ. ತೊಂಬತ್ತರ ದಶಕದಲ್ಲಿ ರಾಷ್ಟ್ರೀಯ ಉದ್ಯಾನದ ಒಳಗಿನ ಮೂರ್ಕಲ್ ಎಂಬಲ್ಲಿ ಪ್ರವಾಸಿ ವಸತಿ ನಡೆಸಲು ರಾಜ್ಯ ಸರಕಾರವು ತಾಜ್ ಸಮೂಹಕ್ಕೆ ಸೇರಿದ ಗೇಟ್‌ವೇ ಹೋಟೆಲ್ಸ್ ಸಂಸ್ಥೆಗೆ ಗುತ್ತಿಗೆ ಕೊಟ್ಟಿತು. ಅದೇ ಕಾಡಿನಲ್ಲಿ ತಲೆಮಾರುಗಳಿಂದ ಬಾಳಿದ ಜೇನುಕುರುಬರಿಗೂ ಯರವರಿಗೂ ಇದು ರಾಷ್ಟ್ರೀಯ ಉದ್ಯಾನ, ಇಲ್ಲಿ ಹಿಂದಿನಂತೆ ಬದುಕಲಾಗದು ಎಂದು ಹೇಳಲಾಗುತ್ತಿತ್ತು. ಜೇನು ಕೀಳುವವನಿಗೆ ಮುಚ್ಚಿದ ಬಾಗಿಲು ಹೋಟೆಲಿಗೆ ತೆರೆಯಿತು. ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿಯು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಕೇಂದ್ರ ಸರಕಾರದ ಪೂರ್ವಾನುಮೋದನೆ ಪಡೆಯದೆ ಅರಣ್ಯಭೂಮಿಯನ್ನು ಖಾಸಗಿ ಸಂಸ್ಥೆಗೆ ವಹಿಸಿಕೊಟ್ಟದ್ದು 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂದು 1997ರಲ್ಲಿ ತೀರ್ಪಾಯಿತು.

ಹೆಚ್ಚುಕಡಿಮೆ ಅದೇ ವೇಳೆಗೆ, 1996ರ ಡಿಸೆಂಬರಿನಲ್ಲಿ, ಹಿಮಾಚಲ ಪ್ರದೇಶದ ಬಿಯಾಸ್ ನದಿಯ ದಂಡೆಯ ಅರಣ್ಯಭೂಮಿಯನ್ನು ಒಂದು ಮೋಟೆಲಿಗೆ ಗುತ್ತಿಗೆ ಕೊಟ್ಟಿದ್ದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಗುತ್ತಿಗೆಯನ್ನು ರದ್ದುಗೊಳಿಸಿತು. ನದಿ, ಕಾಡು, ಕಡಲತೀರಗಳಿಗೆ ಸರಕಾರ ಒಡೆಯನಲ್ಲ, ಜನರ ಪರವಾಗಿ ಅವನ್ನು ಕಾಯುವ ಧರ್ಮದರ್ಶಿ ಮಾತ್ರ ಎಂಬ ತತ್ತ್ವವನ್ನು ನಮ್ಮ ನ್ಯಾಯಶಾಸ್ತ್ರ ಆ ತೀರ್ಪಿನಲ್ಲಿ ಅಂಗೀಕರಿಸಿತು.

ಈ ತತ್ತ್ವ ನಮ್ಮ ಹಳ್ಳಿಗರಿಗೆ ಹೊಸದಲ್ಲ. ಜಾತ್ರೆಯ ದಿನಗಳಲ್ಲಿ ದೇವಸ್ಥಾನದ ಬೀದಿಯಲ್ಲಿ ಬಳೆ, ಬತ್ತಾಸಿನ ಅಂಗಡಿ ಹಾಕಲು ಧರ್ಮದರ್ಶಿ ಜಾಗ ಹರಾಜು ಹಾಕಬಹುದು. ಗರ್ಭಗುಡಿಯನ್ನು ಹರಾಜು ಹಾಕುವ ಅಧಿಕಾರ ಅವನಿಗಿಲ್ಲ. ಬೀದಿಯ ಅಂಗಡಿಯೂ ಜಾತ್ರೆ ಮುಗಿದೊಡನೆ ತೆರವಾಗಬೇಕು.

ಕಾನೂನು ಕೂಡ ಇದೇ ಗೆರೆ ಎಳೆಯಲು ಯತ್ನಿಸಿದೆ. 1972ರ ವನ್ಯಜೀವಿ ಕಾಯಿದೆಯಂತೆ ಅಭಯಾರಣ್ಯಕ್ಕೆ ಪ್ರವಾಸಿಗಳ ಪ್ರವೇಶವೇ ಅನುಮತಿಯ ವಿಷಯ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮೋದನೆಯಿಲ್ಲದೆ ಅಲ್ಲಿ ವಾಣಿಜ್ಯ ವಸತಿಗೃಹ ಕಟ್ಟುವಂತಿಲ್ಲ. ಹುಲಿ ಸಂರಕ್ಷಿತ ಪ್ರದೇಶಗಳ ಒಳವಲಯದಲ್ಲಿ ಪ್ರವಾಸವನ್ನು 2012ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಹಿಡಿದು, ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಗಳು ಬಂದ ಬಳಿಕ ಅಕ್ಟೋಬರಿನಲ್ಲಿ ತಡೆ ತೆರವು ಮಾಡಿತು. ಒಳವಲಯದ ಶೇಕಡ 20ಕ್ಕಿಂತ ಹೆಚ್ಚು ಭಾಗದಲ್ಲಿ ಪ್ರವಾಸ ಕೂಡದು, ಅಲ್ಲಿ ಹೊಸ ಕಟ್ಟಡ ಏಳಕೂಡದು ಎಂಬವು ಆ ಸೂಚಿಗಳ ಸಾರ.

ಆದರೆ 2023ರಲ್ಲಿ ಆದ ಒಂದು ಬದಲಾವಣೆ ನಮ್ಮಲ್ಲಿ ಸಾಕಷ್ಟು ಚರ್ಚೆಯಾಗಿಲ್ಲ. ತಿದ್ದುಪಡಿಯಾದ ಅರಣ್ಯ ಸಂರಕ್ಷಣಾ ಕಾಯಿದೆಯ ಪ್ರಕಾರ, ವನ್ಯಜೀವಿ ನಿರ್ವಹಣಾ ಯೋಜನೆಯಲ್ಲೋ ಹುಲಿ ಸಂರಕ್ಷಣಾ ಯೋಜನೆಯಲ್ಲೋ ಸೇರಿಸಲಾದ ‘ಪರಿಸರ ಪ್ರವಾಸೋದ್ಯಮ ಸೌಲಭ್ಯ’ಗಳು ಇನ್ನು ಅರಣ್ಯೇತರ ಉದ್ದೇಶವೆಂದು ಎಣಿಸಲ್ಪಡುವುದಿಲ್ಲ. ಮೂರ್ಕಲ್ ಪ್ರಕರಣದಲ್ಲಿ ಗುತ್ತಿಗೆಯನ್ನು ಬೀಳಿಸಿದ ಮುಖ್ಯ ಆಧಾರವೇ ಹೀಗೆ ಸಡಿಲವಾಗಿದೆ. ವನ್ಯಜೀವಿ ಕಾಯಿದೆಯ ತಡೆ ಇನ್ನೂ ಇದೆ, ನಿಜ. ಆದರೆ ನಿರ್ಣಯದ ಕೀಲಿ ಸದ್ದಿಲ್ಲದೆ ಸ್ಥಳ ಬದಲಿಸಿದೆ: ಪರವಾನಗಿಯ ಕಾಗದಕ್ಕಿಂತ ಯೋಜನೆಯ ಪುಟವೇ ಈಗ ಮುಖ್ಯ. ಆ ಪುಟವನ್ನು ಓದಿದವರು ಎಷ್ಟು ಮಂದಿ?

ಖಾಸಗಿಯವರನ್ನು ಹೊರಗಿಟ್ಟ ಮಾತ್ರಕ್ಕೆ ತೊಡಕು ತೀರದು. ಕಬಿನಿಯಲ್ಲಿ ಸಫಾರಿ ನಡೆಸುವುದು 1980ರಲ್ಲಿ ಸ್ಥಾಪಿತವಾದ ಜಂಗಲ್ ಲಾಡ್ಜಸ್, ರಾಜ್ಯ ಸರಕಾರದ್ದೇ ಸಂಸ್ಥೆ. ಪ್ರತಿ ರೆಸಾರ್ಟೂ ತನ್ನ ಜೀಪನ್ನು ಕಾಡಿಗೆ ನುಗ್ಗಿಸುವುದಕ್ಕಿಂತ ಈ ವ್ಯವಸ್ಥೆ ಎಷ್ಟೋ ಮೇಲು. ಆದರೂ ಅಪ್ಪಣೆ ಕೊಡುವವರೂ ಸರಕಾರ, ವರಮಾನ ಎಣಿಸುವವರೂ ಸರಕಾರ ಎಂದಾದಾಗ ‘ಇಂದು ಸಾಕು’ ಎನ್ನಲು ಮೂರನೆಯ ಕಣ್ಣೊಂದು ಬೇಕಾಗುತ್ತದೆ.

‘ಸಾಕು’ ಎನ್ನುವ ಘಳಿಗೆ ಈಚೆಗೆ ಬಂದಿತ್ತು. 2025ರಲ್ಲಿ ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ಆ ನವೆಂಬರಿನಲ್ಲಿ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನು ನಿಲ್ಲಿಸಿ, ಸಿಬ್ಬಂದಿಯನ್ನು ಹುಲಿ ಕಾರ್ಯಾಚರಣೆಗೆ ತೊಡಗಿಸಲು ಸರಕಾರ ಆದೇಶಿಸಿತು. ಸಫಾರಿಯಿಂದಲೇ ಹುಲಿ ಹೊಲಕ್ಕೆ ಬಂತೆಂದು ನಾನು ಹೇಳಲಾರೆ. ಆದರೆ ಕಾಡಂಚಿನ ರೈತನ ಪ್ರಶ್ನೆ ನ್ಯಾಯವಾದದ್ದು: ಅತಿಥಿಗೆ ಹುಲಿ ತೋರಿಸಲು ಇರುವ ಜೀಪು, ಜನ, ನನ್ನ ಜೀವ ಕಾಯಲು ಏಕಿಲ್ಲ? ಇನ್ನೊಂದು ಮಗ್ಗುಲೂ ಇದೆ. ಸಫಾರಿ ನಿಂತರೆ ಮೊದಲು ಕೂಲಿ ಕಳೆದುಕೊಳ್ಳುವವನು ಅದೇ ಹಳ್ಳಿಯ ಚಾಲಕ, ಅಡಿಗೆಯವನು. ಷರತ್ತುಗಳು ಮೊದಲೇ ಸ್ಪಷ್ಟವಾಗಿದ್ದರೆ ಇಬ್ಬರಿಗೂ ನ್ಯಾಯ ಸಿಗುತ್ತಿತ್ತು.

ಆದುದರಿಂದ ನನ್ನ ಅಭಿಪ್ರಾಯದಲ್ಲಿ ಇಂಥ ಪರವಾನಗಿಗೆ ನಾಲ್ಕು ಲಕ್ಷಣಗಳಿರತಕ್ಕದ್ದು. ಅದಕ್ಕೆ ಅವಧಿ ಇರಬೇಕು. ಮುಗಿದ ದಿನ ತಾನಾಗಿ ಬೀಳಬೇಕು. ವಾಹನ ಮತ್ತು ಜನರ ಮಿತಿ ಅದರಲ್ಲೇ ನಮೂದಾಗಿರಬೇಕು. ಅದರ ಹಣದಲ್ಲಿ ಕಾಡಂಚಿನ ಊರಿಗೆ ಲೆಕ್ಕವಿಟ್ಟ ಪಾಲು ಸಲ್ಲಬೇಕು. ಯಾವ ಸಂದರ್ಭದಲ್ಲಿ ಸಫಾರಿ ನಿಲ್ಲುತ್ತದೆ, ಆಗ ಕೂಲಿಕಾರರ ಗತಿಯೇನು ಎಂಬುದು ಮುಂಚಿತವಾಗಿ ಬರೆದಿರಬೇಕು.

ಈ ನಾಲ್ಕಕ್ಕೂ ಮೊದಲಿನದು ಇನ್ನೊಂದು. ಹುಲಿ ಸಂರಕ್ಷಣಾ ಯೋಜನೆ ಸಿದ್ಧಪಡಿಸುವಾಗ ಅಲ್ಲಿಯ ಜನರ ಕೃಷಿ, ಜೀವನೋಪಾಯಗಳ ಹಿತವನ್ನು ನೋಡಿಕೊಳ್ಳಬೇಕೆಂದು ಕಾಯಿದೆಯೇ ಹೇಳುತ್ತದೆ. ಹಾಗಾದರೆ ಯೋಜನೆಯ ಕರಡು ಕನ್ನಡದಲ್ಲಿ ಪ್ರಕಟವಾಗಬೇಕು. ಹಾಡಿಗಳ, ಕಾಡಂಚಿನ ಊರುಗಳ ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಬೇಕು. ತನ್ನ ಕಾಡಿನ ಭವಿಷ್ಯವನ್ನು ತನಗೆ ಬಾರದ ಭಾಷೆಯಲ್ಲಿ ಬರೆದಿಟ್ಟು, ಅದನ್ನು ಪಾಲಿಸೆಂದು ಜೇನುಕುರುಬನಿಗೆ ಹೇಳುವುದು ನ್ಯಾಯವಲ್ಲ.

ಕನ್ನಡಕ್ಕಾಗಿ ಠರಾವು ಮಾಡುವುದು ನಮ್ಮ ಸಂಘಕ್ಕೆ ಅಭ್ಯಾಸ. ಫಲಕಗಳ ಕನ್ನಡ, ಪಠ್ಯಪುಸ್ತಕಗಳ ಕನ್ನಡದ ಜೊತೆಗೆ ಈ ಕನ್ನಡವನ್ನೂ ಕೇಳೋಣ. ಈ ಸಭೆ ಮುಗಿಯುವ ಮುನ್ನ ರಾಜ್ಯ ಸರಕಾರಕ್ಕೆ ಅಂಥದೊಂದು ಮನವಿ ಕಳುಹಿಸಲು ಒಪ್ಪಿಗೆ ಕೊಡಬೇಕೆಂದು ಕೋರುತ್ತೇನೆ. ಮುಂದಿನ ರಜೆಯಲ್ಲಿ ನಾವು ಅದೇ ಕಾಡಿನ ಬಾಗಿಲಿಗೆ ಹೋಗಿ ನಿಲ್ಲುವವರು. ಬಾಗಿಲ ಈಚೆಗಿರುವ ಊರಿನವರಿಗೆ ಮುಖ ತೋರಿಸಿ ಒಳಗೆ ಹೋಗುವಂತಿರಬೇಕು.